ಸ್ಟ್ರಾಬೆರಿ ತಿಂದರೆ ಮುಖಕ್ಕೆ ಕಳೆ ಬರುತ್ತಾ? ಗೊತ್ತಿದ್ದವರು ಹೇಳ್ರಿ

ತೊಗರಿನಾಡಿನವಳು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾವು ಜೇವರ್ಗಿ ರೋಡ್ ಕಡೆಯವರು. ಮಗಳು ಡಿಗ್ರಿ ಎರಡನೇ ವರ್ಷ. ಚಳಿ ಶುರುವಾದಾಗಿಂದ ಅವಳಿಗೆ ಸ್ಟ್ರಾಬೆರಿ ಹುಚ್ಚು. ಮೊಬೈಲಿನಲ್ಲಿ ಯಾರೋ ಒಬ್ಬಳು ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಸ್ಟ್ರಾಬೆರಿ ತಿಂದು ಮುಖ ಥಳಥಳ ಮಾಡಿಕೊಂಡಿದ್ದಾಳಂತೆ. ಈಗ ನಮ್ಮ ಮನೆಯಲ್ಲೂ ಅದೇ ಆಗಬೇಕು.

ಸೂಪರ್ ಮಾರ್ಕೆಟ್ ಹತ್ತಿರ ಬಂಡಿಯವನು 200 ಗ್ರಾಂ ಡಬ್ಬಿಗೆ 100 ರೂಪಾಯಿ ಹೇಳುತ್ತಾನೆ. ಚೌಕಾಸಿ ಮಾಡಿದರೆ 90. ಮನೆಗೆ ತಂದು ಬಿಚ್ಚಿದರೆ ಮೇಲಿನ ಸಾಲು ಮಾತ್ರ ಕೆಂಪಗೆ. ಕೆಳಗಿನದು ಅರ್ಧ ಬೆಳ್ಳಗೆ, ಒಂದೆರಡು ಮೆತ್ತಗಾಗಿ ನೀರು ಬಿಟ್ಟಿರುತ್ತವೆ. ಮನೆಯಲ್ಲಿ ಐದು ಜನ ಇದ್ದೇವೆ. ಅವಳೊಬ್ಬಳೇ ಡಬ್ಬಿ ಹಿಡಿದು ಕೂತರೆ ಅತ್ತೆ ನನ್ನ ಮುಖ ನೋಡುತ್ತಾರೆ.

ತಿನ್ನೋದಾದರೂ ತಿನ್ನಲಿ. ಹೋದ ಭಾನುವಾರ ಎರಡು ಹಣ್ಣು ಹಿಸುಕಿ ಸಕ್ಕರೆ ಬೆರೆಸಿ ಮುಖಕ್ಕೆ ತಿಕ್ಕಿಕೊಂಡಳು. ಸಂಜೆವರೆಗೂ ಕೆನ್ನೆ ಕೆಂಪಗೇ ಇತ್ತು. ಕೇಳಿದರೆ "ಅದೇ ಗ್ಲೋ ಮಮ್ಮಿ" ಅಂದಳು. ಹಲ್ಲು ಬೆಳ್ಳಗಾಗೋಕೆ ಅಡುಗೆ ಸೋಡಾ ಹಾಕಿ ಉಜ್ಜುತ್ತೇನೆ ಅಂತ ಬೇರೆ ಹೊರಟಿದ್ದಳು. ಸೋಡಾ ಡಬ್ಬಿ ಎತ್ತಿಟ್ಟಿದ್ದೇನೆ.

ಇನ್ನು ಅತ್ತೆಗೆ ಶುಗರ್ ಇದೆ, ಬಿಪಿನೂ ಇದೆ. "ಮಾವಿನಹಣ್ಣು ಬ್ಯಾಡ ಅಂತೀರಿ, ಬಾಳೆಹಣ್ಣು ಬ್ಯಾಡ ಅಂತೀರಿ, ಇದರ ಎರಡ ಕೊಡ್ರಿ" ಅಂತಾರೆ. ಕೊಡಬಹುದಾ? ಈ ಹಣ್ಣಿನಿಂದ ನಿಜಕ್ಕೂ ಏನು ಉಪಯೋಗ? ಸುಮ್ನೆ ದುಡ್ಡು ಸುರಿಯೋದಾ? ಮಗಳು ಈಚೆಗೆ ಸ್ವಲ್ಪ ಬಿಳಿಚಿಕೊಂಡ ಹಾಗೆ ಕಾಣುತ್ತಾಳೆ. ಹಾಗಾಗಿ ಪೂರ್ತಿ ಬೇಡ ಅನ್ನೋಕೂ ಮನಸ್ಸಿಲ್ಲ.

ಗಂಜ್ ಹುಡುಗ (ಕಲಬುರಗಿ)

ಅಕ್ಕಾ, 100 ರೂಪಾಯಿಗೆ ಕಣ್ಣಿ ಮಾರ್ಕೆಟ್‌ನಲ್ಲಿ ಒಂದು ಚೀಲ ಪೇರಲ ಬರುತ್ತೆ. ಐದೂ ಜನ ಕೂತು ತಿನ್ನಬಹುದು, ಅತ್ತೆನೂ ಮುಖ ನೋಡಲ್ಲ. ಪೇರಲ ತಿಂದು ಮುಖ ತೋರಿಸಿದರೆ ಮೊಬೈಲಿನಲ್ಲಿ ಯಾರೂ ಲೈಕ್ ಒತ್ತಲ್ಲ, ಅಷ್ಟೇ ಕಷ್ಟ.

ಡಯಟ್ ಅಕ್ಕ (ಕಲಬುರಗಿ)

ಗಂಜ್ ತಮ್ಮ ತಮಾಷೆಗೆ ಹೇಳಿದರೂ ಮಾತು ಖರೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಅಕ್ಕಾ, ನಾನು ಇಲ್ಲೇ ಊರಿನ ಒಂದು ಆಸ್ಪತ್ರೆಯಲ್ಲಿ ಡಯಟೀಶಿಯನ್. ಡಿಸೆಂಬರ್ ಬಂತು ಅಂದರೆ ನನ್ನ ಟೇಬಲ್ ಮುಂದೆ ಕೂತವರಲ್ಲಿ ಯಾರಾದರೂ ಸ್ಟ್ರಾಬೆರಿ ಸುದ್ದಿ ತೆಗೆದೇ ತೆಗೆಯುತ್ತಾರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಚಹಾ ಹಿಡಿದು ಓದಿ. ಚಹಾದ ವಿಷಯವೂ ಮುಂದೆ ಬರುತ್ತೆ, ಆಗ ಬೈಬೇಡಿ.

ಹಣ್ಣು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. 100 ಗ್ರಾಂ ಅಂದರೆ ಮಧ್ಯಮ ಗಾತ್ರದ ಏಳೆಂಟು ಹಣ್ಣು. ಅದರಲ್ಲಿ 91 ಗ್ರಾಂನಷ್ಟು ಬರೀ ನೀರು. ಶಕ್ತಿ 32 ಕ್ಯಾಲೊರಿ, ಸಕ್ಕರೆ ಸುಮಾರು 5 ಗ್ರಾಂ, ನಾರು 2 ಗ್ರಾಂ, ವಿಟಮಿನ್ ಸಿ 59 ಮಿಲಿಗ್ರಾಂ ಆಸುಪಾಸು. ಐಸಿಎಂಆರ್ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹಾಕಿಕೊಟ್ಟ ಲೆಕ್ಕದಂತೆ ದೊಡ್ಡ ಹೆಣ್ಣುಮಗಳಿಗೆ ದಿನಕ್ಕೆ 65 ಮಿಲಿಗ್ರಾಂ ವಿಟಮಿನ್ ಸಿ ಬೇಕು. ಏಳೆಂಟು ಹಣ್ಣು ತಿಂದರೆ ಹೆಚ್ಚುಕಡಿಮೆ ಅಷ್ಟೂ ಸಿಕ್ಕಿತು. ಆ ಕೆಂಪು ಬಣ್ಣ ಕೊಡೋದು ಆಂಥೋಸಯಾನಿನ್ ಅನ್ನೋ ವಸ್ತು. ಅದೂ ಮೈಗೆ ಒಳ್ಳೆಯದೇ. ನಮ್ಮ ನೇರಳೆ ಹಣ್ಣಿಗೂ ಬಣ್ಣ ಬರೋದು ಅದೇ ಜಾತಿಯ ವಸ್ತುವಿನಿಂದ.

ಚರ್ಮಕ್ಕೂ ಇದಕ್ಕೂ ನಂಟಿದೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡೋ ಕೊಲ್ಯಾಜನ್ ತಯಾರಾಗಬೇಕಾದರೆ ವಿಟಮಿನ್ ಸಿ ಬೇಕೇ ಬೇಕು. ಅದು ತೀರಾ ಕಮ್ಮಿಯಾದರೆ ಒಸಡಿನಲ್ಲಿ ರಕ್ತ ಬರುತ್ತೆ, ಗಾಯ ಬೇಗ ಮಾಯಲ್ಲ, ಚರ್ಮ ಒರಟಾಗುತ್ತೆ. ಆದರೆ ಮೈಗೆ ಬೇಕಾದಷ್ಟು ಸಿಕ್ಕ ಮೇಲೆ ಇನ್ನೊಂದು ಡಬ್ಬಿ ತಿಂದರೆ ಇನ್ನಷ್ಟು ಹೊಳಪು ಬರುತ್ತೆ ಅನ್ನೋದು ಸುಳ್ಳು. ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗುತ್ತೆ. ನೂರು ರೂಪಾಯಿ ಡಬ್ಬಿ ಅಲ್ಲಿಗೆ ಹೋಗೋದು ಯಾಕೆ?

ಹಚ್ಚಿಕೊಳ್ಳೋದು ಬೇಡ. ಇದನ್ನು ಖಡಾಖಂಡಿತ ಹೇಳುತ್ತೇನೆ. ಅಂಗಡಿಯಲ್ಲಿ ಮಾರೋ ವಿಟಮಿನ್ ಸಿ ಸೀರಮ್‌ನಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ 10ರಿಂದ 20 ಭಾಗ ಇರುತ್ತೆ. ಸ್ಟ್ರಾಬೆರಿಯಲ್ಲಿ ಇರೋದು ನೂರಕ್ಕೆ 0.06 ಭಾಗ. ಅದು ಚರ್ಮದ ಒಳಗೆ ಇಳಿಯೋ ಮಾತೇ ಇಲ್ಲ. ಇಳಿಯೋದು ಏನು ಗೊತ್ತಾ? ಹಣ್ಣಿನ ಹುಳಿ. ಅದರ ಮೇಲೆ ಸಕ್ಕರೆ ಹರಳು, ಹಣ್ಣಿನ ಮೈಮೇಲಿರೋ ಆ ಸಣ್ಣ ಬೀಜ. ಎಲ್ಲ ಸೇರಿ ಕೆನ್ನೆ ಗೀಚುತ್ತವೆ. ಮಗಳು ಕಂಡಿದ್ದು ಗ್ಲೋ ಅಲ್ಲ ಅಕ್ಕಾ, ಉರಿ. ಆ ಕೆನ್ನೆ ಇಟ್ಟುಕೊಂಡು ನಮ್ಮೂರ ಬಿಸಿಲಿಗೆ ಹೋದರೆ ಕಪ್ಪು ಕಲೆ ನಿಲ್ಲುತ್ತೆ. ಕಾಲೇಜಿಗೆ ಹೋಗುವಾಗ ಸ್ಕಾರ್ಫ್ ಕಟ್ಟಿಕೊಳ್ಳುತ್ತಾಳಲ್ವಾ? ಚರ್ಮಕ್ಕೆ ಈ ಹಣ್ಣಿನ ಪ್ಯಾಕ್‌ಗಿಂತ ಆ ಸ್ಕಾರ್ಫೇ ಜಾಸ್ತಿ ಕೆಲಸ ಮಾಡುತ್ತೆ. ಅದರ ಜೊತೆ ಸನ್‌ಸ್ಕ್ರೀನ್ ಒಂದು ಹಚ್ಚಲಿ.

ಪಾರ್ಲರ್‌ನ ಸ್ಟ್ರಾಬೆರಿ ಫೇಶಿಯಲ್ ಬಗ್ಗೆ ಯಾರಾದರೂ ಕೇಳುತ್ತೀರಿ ಅಂತ ಈಗಲೇ ಹೇಳುತ್ತೇನೆ. ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಹಲವು ಸಲ ಸ್ಟ್ರಾಬೆರಿ ಅಂತ ಇರೋದು ಚಿತ್ರದಲ್ಲಿ ಮತ್ತು ವಾಸನೆಯಲ್ಲಿ ಮಾತ್ರ.

ಹಲ್ಲಿನ ವಿಷಯದಲ್ಲಿ ಸೋಡಾ ಡಬ್ಬಿ ಎತ್ತಿಟ್ಟಿದ್ದು ಒಳ್ಳೆಯದಾಯಿತು. ಸ್ಟ್ರಾಬೆರಿಗೆ ಸೋಡಾ ಬೆರೆಸಿ ಹಲ್ಲುಜ್ಜಿದರೆ ಬೆಳ್ಳಗಾಗುತ್ತಾ ಅಂತ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ, 2014ರಲ್ಲಿ ಸುದ್ದಿಯಾಗಿತ್ತು. ಮೇಲಿನ ಕೊಳೆ ಹೋಗುತ್ತೆ, ಹಲ್ಲಿನ ಬಣ್ಣ ಬದಲಾಗಲ್ಲ. ಹಣ್ಣಿನ ಹುಳಿಗೆ ಹಲ್ಲಿನ ಮೇಲಿನ ಗಟ್ಟಿ ಪದರ, ಅಂದರೆ ಎನಾಮಲ್, ಸವೆಯುತ್ತೆ. ಸವೆದ ಎನಾಮಲ್ ಮತ್ತೆ ಬೆಳೆಯಲ್ಲ. ತಿಂದ ಮೇಲೆ ಬಾಯಿ ಮುಕ್ಕಳಿಸಿದರೆ ಸಾಕು.

ಅತ್ತೆಯವರಿಗೆ ಧಾರಾಳವಾಗಿ ಕೊಡಿ. ಎರಡು ಯಾಕೆ, ಐದಾರು ಕೊಡಿ. 100 ಗ್ರಾಂಗೆ 5 ಗ್ರಾಂ ಸಕ್ಕರೆ ಅಂದರೆ ಬಾಳೆಹಣ್ಣಿನ ಅರ್ಧದಷ್ಟೂ ಇಲ್ಲ. ಶುಗರ್ ಇದ್ದವರಿಗೆ ಇಷ್ಟು ಸಲೀಸಾಗಿ ಹ್ಞೂಂ ಅನ್ನೋಕೆ ಬರೋ ಹಣ್ಣು ಕಮ್ಮಿ. ಆದರೆ ಬರೀ ಹಣ್ಣು. ಮೇಲೆ ಸಕ್ಕರೆ ಉದುರಿಸೋದು, ಕ್ರೀಮ್ ಹಾಕೋದು, ಮಿಲ್ಕ್‌ಶೇಕ್ ಮಾಡೋದು ಬೇಡ. ಬಾಟಲಿಯಲ್ಲಿ ಬರೋ ಸ್ಟ್ರಾಬೆರಿ ಕ್ರಶ್ ಅಂತೂ ಅವರಿಗೆ ತೋರಿಸಲೂ ಬೇಡಿ. ಅದರಲ್ಲಿ ಹಣ್ಣಿಗಿಂತ ಸಕ್ಕರೆಯದ್ದೇ ಕಾರುಬಾರು.

ಹೃದಯಕ್ಕೆ ಒಳ್ಳೆಯದು ಅಂತಲೂ ಕೇಳಿರುತ್ತೀರಿ. ಅದರ ಹಿಂದೆ ಒಂದು ದೊಡ್ಡ ಅಧ್ಯಯನ ಇದೆ. ಅಮೆರಿಕದಲ್ಲಿ 25ರಿಂದ 42 ವರ್ಷದ 93,600 ನರ್ಸ್‌ಗಳ ಊಟ ತಿಂಡಿಯನ್ನು 18 ವರ್ಷ ಬರೆದಿಟ್ಟುಕೊಂಡು ನೋಡಿದರು. 2013ರಲ್ಲಿ ಅದು ಪ್ರಕಟವಾಯಿತು. ವಾರಕ್ಕೆ ಮೂರು ಸಲಕ್ಕಿಂತ ಜಾಸ್ತಿ ಸ್ಟ್ರಾಬೆರಿ, ಬ್ಲೂಬೆರಿ ತಿಂದವರಲ್ಲಿ ಹೃದಯಾಘಾತ ಮೂರರಲ್ಲಿ ಒಂದು ಪಾಲಿನಷ್ಟು ಕಮ್ಮಿ ಕಂಡಿತು. ಹಣ್ಣಿನಿಂದಲೇ ಹಾಗಾಯಿತು ಅಂತ ಇಷ್ಟರಿಂದ ಹೇಳೋಕೆ ಬರಲ್ಲ. ಅವರೆಲ್ಲ ಅತ್ತೆಗಿಂತ ಸಣ್ಣ ವಯಸ್ಸಿನ ಹೆಣ್ಣುಮಕ್ಕಳು ಬೇರೆ. ಅತ್ತೆ ಬಿಪಿ ಮಾತ್ರೆ ಬಿಟ್ಟು ಹಣ್ಣು ಹಿಡಿದರೆ ನನ್ನ ಹೆಸರು ಹೇಳಬೇಡಿ.

ಈಗ ನನಗೆ ಮುಖ್ಯ ಅನಿಸಿದ್ದು. ಮಗಳು ಬಿಳಿಚಿಕೊಂಡಿದ್ದಾಳೆ ಅಂತ ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೀರಿ. ನಾನಾಗಿದ್ದರೆ ಅದನ್ನೇ ಮೊದಲು ಬರೆಯುತ್ತಿದ್ದೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತ ಕಮ್ಮಿ. ಮುಖದ ಕಳೆ ಹೋಗಿದೆ, ಕೂದಲು ಉದುರುತ್ತೆ, ಮೆಟ್ಟಿಲು ಹತ್ತಿದರೆ ಏದುಸಿರು ಅಂತ ಬರೋ ಕಾಲೇಜು ಹುಡುಗಿಯರಿಗೆ ನಾನು ಕ್ರೀಮ್ ಸುದ್ದಿ ಎತ್ತೋದೇ ಇಲ್ಲ. ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡುತ್ತೇನೆ. ಒಳಗೆ ಕೆಂಪಗಿರಬೇಕಾದದ್ದು ಬೆಳ್ಳಗಿದ್ದರೆ ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್ ಪರೀಕ್ಷೆ, ಮಾಡಿಸಿ ಅಂತೇನೆ. ಹೆಣ್ಣುಮಕ್ಕಳಿಗೆ 12 ಇರಬೇಕು.

ಸ್ಟ್ರಾಬೆರಿ ಉಪಯೋಗಕ್ಕೆ ಬರೋದು ಇಲ್ಲಿ. ನಮ್ಮ ಊಟದಲ್ಲಿ ಕಬ್ಬಿಣಾಂಶ ಇಲ್ಲವೆಂದಲ್ಲ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಸೊಪ್ಪಿನ ಪಲ್ಯ, ತೊಗರಿಬೇಳೆ ಎಲ್ಲದರಲ್ಲೂ ಇದೆ. ಆದರೆ ಕಾಳು ಸೊಪ್ಪಿನ ಕಬ್ಬಿಣ ಮೈಗೆ ಹತ್ತೋದು ಕಮ್ಮಿ. ಅದೇ ಊಟದ ಜೊತೆ ವಿಟಮಿನ್ ಸಿ ಹೋದರೆ ಜಾಸ್ತಿ ಹತ್ತುತ್ತೆ. ಹಾಗಾಗಿ ಖಾಲಿ ಹೊಟ್ಟೆಯಲ್ಲಿ ತಿನ್ನೋ ಆ ಹಣ್ಣನ್ನು ಮಧ್ಯಾಹ್ನ ರೊಟ್ಟಿ ಊಟದ ಜೊತೆ ತಿನ್ನಲಿ. ಅದೇ ಹಣ್ಣು, ಅದೇ ದುಡ್ಡು, ಲಾಭ ಮಾತ್ರ ಜಾಸ್ತಿ. ಮತ್ತೆ, ಊಟ ಮುಗಿದ ತಕ್ಷಣ ಚಹಾ ಕುಡಿಯೋದು ನಿಲ್ಲಲಿ. ಚಹಾದ ಒಗರು ಆ ಕಬ್ಬಿಣವನ್ನು ಹಿಡಿದುಬಿಡುತ್ತೆ. ಒಂದು ತಾಸಾದರೂ ಬಿಟ್ಟು ಕುಡಿಯಲಿ. ಕಲಬುರಗಿಯಲ್ಲಿ ಈ ಮಾತು ಹೇಳಿದರೆ ಗಂಡಸರೂ ಹೆಂಗಸರೂ ಸೇರಿ ನನ್ನನ್ನು ದುರುಗುಟ್ಟಿ ನೋಡುತ್ತಾರೆ.

ಇನ್ನು ಗಂಜ್ ತಮ್ಮನ ಪೇರಲ. 100 ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂ ಮೇಲೆ ವಿಟಮಿನ್ ಸಿ ಇದೆ, ಅಂದರೆ ಸ್ಟ್ರಾಬೆರಿಯ ಮೂರು ಪಟ್ಟಿಗಿಂತ ಜಾಸ್ತಿ. ನಾರೂ ಜಾಸ್ತಿ. ನೆಲ್ಲಿಕಾಯಿನೂ ಹಾಗೇ. ಮಗಳಿಗೆ ಆಸೆ ಇದೆ, ವಾರಕ್ಕೊಂದು ಡಬ್ಬಿ ತನ್ನಿ, ಎಲ್ಲರೂ ಹಂಚಿ ತಿನ್ನಿ. ಉಳಿದ ದಿನ ಪೇರಲ ಹೆಚ್ಚಿ ಉಪ್ಪು ಖಾರ ಹಚ್ಚಿ ಕೊಡಿ.

ಹಣ್ಣಿನ ಬಂಡಿ (ಕಲಬುರಗಿ)

ನಮ್ಮಪ್ಪನ ಬಂಡಿನೂ ಸೂಪರ್ ಮಾರ್ಕೆಟ್‌ನಲ್ಲೇ ನಿಲ್ಲುತ್ತೆ. ಅಕ್ಕ ಹೇಳಿದ ಬಂಡಿ ನಮ್ಮದಲ್ಲ ಅಂದುಕೊಂಡು ಬರೆಯುತ್ತಿದ್ದೇನೆ.

ಈ ಮಾಲು ನಮಗೆ ಮಹಾಬಳೇಶ್ವರ, ಪಂಚಗಣಿ ಕಡೆಯಿಂದ ಬರುತ್ತೆ. ದೇಶದ ಸ್ಟ್ರಾಬೆರಿಯಲ್ಲಿ ನೂರಕ್ಕೆ 85 ಭಾಗದಷ್ಟು ಅಲ್ಲಿಯದೇ ಅಂತಾರೆ. 2010ರಲ್ಲಿ ಜಿಐ ಟ್ಯಾಗೂ (ಆ ಊರಿನದೇ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ. ಸೊಲ್ಲಾಪುರ ದಾಟಿ ಇಲ್ಲಿ ಬರೋ ಹೊತ್ತಿಗೆ ಕೆಳಗಿನ ಹಣ್ಣು ನಜ್ಜಾಗಿರುತ್ತೆ. ಬಹಳ ನಾಜೂಕು ಹಣ್ಣು. ಅದಕ್ಕೇ ರೇಟು. ಕೆಟ್ಟದ್ದು ನಮ್ಮ ತಲೆಗೇ ಬರುತ್ತೆ.

ಕೊಳ್ಳುವಾಗ ಡಬ್ಬಿ ಎತ್ತಿ ತಳ ನೋಡಿ. ತಳದಲ್ಲಿ ಕೆಂಪು ನೀರು ಇದ್ದರೆ ಬಿಡಿ. ತೊಟ್ಟಿನ ಎಲೆ ಹಸಿರಾಗಿ ನೆಟ್ಟಗಿರಬೇಕು. ಬಾಡಿ ಕಂದಾಗಿದ್ದರೆ ಹಳೇ ಮಾಲು. ತೊಟ್ಟಿನ ಹತ್ತಿರ ಬೆಳ್ಳಗಿರೋದನ್ನು "ಮನೆಯಲ್ಲಿ ಇಟ್ಟರೆ ಹಣ್ಣಾಗುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಾಳೆ, ಮಾವು ಇಟ್ಟರೆ ಹಣ್ಣಾಗುತ್ತವೆ. ಸ್ಟ್ರಾಬೆರಿ ಗಿಡದಿಂದ ಕಿತ್ತ ಮೇಲೆ ಸಿಹಿಯಾಗಲ್ಲ, ಹೇಗಿದೆಯೋ ಹಾಗೇ. ದೊಡ್ಡ ಹಣ್ಣೇ ಬೇಕು ಅಂತ ಹಟ ಮಾಡಬೇಡಿ, ಸಣ್ಣದರಲ್ಲೇ ರುಚಿ ಇರುತ್ತೆ. ಮೂಗಿನ ಹತ್ತಿರ ಹಿಡಿಯಿರಿ. ವಾಸನೆ ಇಲ್ಲ ಅಂದರೆ ರುಚಿನೂ ಇಲ್ಲ.

ಮನೆಗೆ ಒಯ್ದ ಕೂಡಲೇ ತೊಳೆಯಬೇಡಿ. ಮೆತ್ತಗಿರೋದನ್ನು ಬೇರೆ ಮಾಡಿ ಅವತ್ತೇ ತಿಂದು ಮುಗಿಸಿ. ಒಂದಕ್ಕೆ ಬೂದಿ ಬಣ್ಣದ ಬೂಸು ಬಂದರೆ ಪಕ್ಕದ ಎಲ್ಲದಕ್ಕೂ ಹತ್ತುತ್ತೆ. ಉಳಿದಿದ್ದನ್ನು ಡಬ್ಬಿಯಲ್ಲಿ ಪೇಪರ್ ಹಾಸಿ ಫ್ರಿಜ್‌ನಲ್ಲಿಡಿ, ಎರಡು ಮೂರು ದಿನ ತಡೆಯುತ್ತೆ.

ಫೆಬ್ರವರಿಯಲ್ಲಿ ಮಾಲು ಜಾಸ್ತಿ ಬರುತ್ತೆ, ರೇಟು ಇಳಿಯುತ್ತೆ. ಅವಸರ ಇಲ್ಲದಿದ್ದರೆ ಆಗ ತಗೊಳ್ಳಿ. ಇದನ್ನು ನಮ್ಮಪ್ಪನಿಗೆ ಹೇಳಬೇಡಿ.

ಯಾದಗಿರಿ ಮೇಷ್ಟ್ರು

ಒಂದು ಎಚ್ಚರಿಕೆ. ನನ್ನ ಅಣ್ಣನ ಮಗನಿಗೆ, ಮೂರು ವರ್ಷದ ಹುಡುಗ, ಮೊದಲ ಸಲ ಇದನ್ನು ತಿನ್ನಿಸಿದಾಗ ತುಟಿ ಸುತ್ತ ಕೆಂಪು ದದ್ದು ಎದ್ದು ಮೈಯೆಲ್ಲ ತುರಿಕೆ ಆಯಿತು. ಡಾಕ್ಟರ್ ಅಲರ್ಜಿ ಅಂದರು. ಔಷಧಿ ಕೊಟ್ಟ ಮೇಲೆ ಇಳಿಯಿತು. ಚಿಕ್ಕ ಮಕ್ಕಳಿಗೆ ಮೊದಲು ಒಂದು ಚೂರು ಕೊಟ್ಟು ನೋಡಿ.

ಡಯಟ್ ಮೇಡಂ, ನನ್ನ ತಂಗಿ ಈಗ ಬಸುರಿ. ತವರಿಗೆ ಬಂದಿದ್ದಾಳೆ. ಸ್ಟ್ರಾಬೆರಿಯಲ್ಲಿ ಫೋಲಿಕ್ ಆಸಿಡ್ ಇದೆ, ಮಾತ್ರೆ ಬದಲು ಇದನ್ನೇ ತಿಂತೀನಿ ಅಂತಾಳೆ. ಮಾತ್ರೆ ನುಂಗಿದರೆ ವಾಂತಿ ಬಂದ ಹಾಗೆ ಆಗುತ್ತಂತೆ.

ಡಯಟ್ ಅಕ್ಕ (ಕಲಬುರಗಿ)

ಮೇಷ್ಟ್ರೇ, ತಂಗಿಗೆ ಹಣ್ಣು ಕೊಡಿ, ಮಾತ್ರೆ ಮಾತ್ರ ಬಿಡಿಸಬೇಡಿ. 100 ಗ್ರಾಂ ಸ್ಟ್ರಾಬೆರಿಯಲ್ಲಿ ಫೋಲೇಟ್ (ಫೋಲಿಕ್ ಆಸಿಡ್ ಜಾತಿಯದೇ ವಿಟಮಿನ್) 24 ಮೈಕ್ರೋಗ್ರಾಂ. ಆಶಾ ಕಾರ್ಯಕರ್ತೆಯರು ಕೊಡೋ ಆ ಕೆಂಪು ಮಾತ್ರೆಯಲ್ಲಿ 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ಜೊತೆಗೆ 60 ಮಿಲಿಗ್ರಾಂ ಕಬ್ಬಿಣ. ಆ ಫೋಲಿಕ್ ಆಸಿಡ್‌ಗೆ ಸರಿಗಟ್ಟಬೇಕಾದರೆ ದಿನಾ ಎರಡು ಕಿಲೋ ಸ್ಟ್ರಾಬೆರಿ ತಿನ್ನಬೇಕು. ಅಷ್ಟು ತಿಂದರೂ ಕಬ್ಬಿಣ ಅಷ್ಟು ಸಿಗಲ್ಲ. ವಾಂತಿ ಬರೋ ಹಾಗಾದರೆ ರಾತ್ರಿ ಊಟ ಆದ ಮೇಲೆ ನುಂಗಿ ಮಲಗಲಿ. ಆದರೂ ಆಗಲಿಲ್ಲ ಅಂದರೆ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆ ಬರೆದುಕೊಡುತ್ತಾರೆ.

ತೊಳೆಯೋದು ಎಲ್ಲರಿಗೂ ಅನ್ವಯ, ಬಸುರಿಗೆ ಇನ್ನೂ ಜಾಸ್ತಿ. ಈ ಹಣ್ಣಿಗೆ ಸಿಪ್ಪೆ ಇಲ್ಲ, ನೆಲಕ್ಕೆ ಹತ್ತಿರ ಬೆಳೆಯುತ್ತೆ, ಔಷಧಿನೂ ಹೊಡೆದಿರುತ್ತಾರೆ. ಅಮೆರಿಕದಲ್ಲಿ ಔಷಧಿ ಉಳಿಕೆ ಜಾಸ್ತಿ ಇರೋ ಹಣ್ಣು ತರಕಾರಿ ಅಂತ ಒಂದು ಪಟ್ಟಿ ಬರುತ್ತೆ, ಅದರಲ್ಲಿ ಸ್ಟ್ರಾಬೆರಿ ಮೇಲಿನ ಸಾಲಿನಲ್ಲೇ ಇರುತ್ತೆ. ತಿನ್ನೋ ಹೊತ್ತಿಗೆ, ತೊಟ್ಟು ಕೀಳದೆ, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ನಲ್ಲಿ ನೀರಿನಲ್ಲಿ ತೊಳೆಯಿರಿ. ತೊಟ್ಟು ಮೊದಲೇ ಕಿತ್ತರೆ ಆ ನೀರು ಹಣ್ಣಿನೊಳಗೆ ಹೋಗುತ್ತೆ. ಎತ್ತಿಟ್ಟ ಸೋಡಾ ಡಬ್ಬಿಗೆ ಕೆಲಸ ಸಿಕ್ಕಿತಲ್ವಾ ಅಕ್ಕಾ?

ಅಣ್ಣನ ಮಗನಿಗೆ ಸದ್ಯ ಈ ಹಣ್ಣೂ ಬೇಡ, ಇದರ ಜ್ಯಾಮೂ ಬೇಡ. ತುಟಿ, ನಾಲಿಗೆ ಬಾತರೆ, ಉಸಿರಾಡೋಕೆ ಕಷ್ಟ ಆದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬೀದರ್ ಮಾಳಿಗೆ ತೋಟ

ನಾನು ಮಾಳಿಗೆ ಮೇಲೆ ಕುಂಡದಲ್ಲಿ ಹಾಕಿದ್ದೇನೆ. ವಿಂಟರ್ ಡಾನ್ ಅನ್ನೋ ತಳಿ. ಅಕ್ಟೋಬರ್‌ನಲ್ಲಿ ಸಸಿ ನೆಟ್ಟರೆ ಹೊಸ ವರ್ಷದ ಹೊತ್ತಿಗೆ ಹಣ್ಣು. ರಾತ್ರಿ ಚಳಿ ಬೇಕು ಇದಕ್ಕೆ. ಬೀದರ್ ಎತ್ತರದಲ್ಲಿದೆ, ಅಷ್ಟರಮಟ್ಟಿಗೆ ನಮಗೆ ಅನುಕೂಲ. ಮಾರ್ಚ್ ಬಿಸಿಲಿಗೆ ಗಿಡ ಸುಸ್ತು. ಹಣ್ಣು ಕೆಂಪಾದ ದಿನ ಬೆಳಗ್ಗೆ ನಾನು ಮೇಲೆ ಹತ್ತೋದರೊಳಗೆ ಪಿಕಳಾರ ಹಕ್ಕಿ ಬಂದು ಕುಕ್ಕಿ ಹೋಗಿರುತ್ತೆ. ಬಲೆ ಹಾಕಿದ ಮೇಲೆ ನಮಗೂ ಸ್ವಲ್ಪ ಸಿಗುತ್ತಿದೆ. ಗಿಡದಲ್ಲೇ ಪೂರ್ತಿ ಕೆಂಪಾದ ಹಣ್ಣು ತಿಂದರೆ ಬಂಡಿಯ ಹಣ್ಣು ಬಾಯಿಗೆ ಹತ್ತಲ್ಲ, ಬಂಡಿ ತಮ್ಮ ಬೇಜಾರು ಮಾಡಿಕೊಳ್ಳಬಾರದು.

ಲಾಭದ ಲೆಕ್ಕ ಹಾಕಬೇಡಿ. ಸಸಿ, ಮಣ್ಣು, ಬಲೆ ಎಲ್ಲ ಕೂಡಿದರೆ ಡಬ್ಬಿನೇ ಸಸ್ತಾ.

ತೊಗರಿನಾಡಿನವಳು (ಕಲಬುರಗಿ)

ಎಲ್ಲರಿಗೂ ಬಹಳ ಧನ್ಯವಾದ. ಡಯಟ್ ಅಕ್ಕ ಬರೆದಿದ್ದನ್ನು ಮಗಳಿಗೇ ಓದಲು ಕೊಟ್ಟೆ. ಸೀರಮ್ ಲೆಕ್ಕ ನೋಡಿ ಸುಮ್ಮನಾದಳು. ನಾನು ಹೇಳಿದರೆ ಕೇಳಲ್ಲ, ಲೆಕ್ಕ ಹೇಳಿದರೆ ಕೇಳುತ್ತಾಳೆ. ಅತ್ತೆ ಊಟ ಆದ ಮೇಲೆ ಐದು ಹಣ್ಣು ತಿಂದು "ಬರೇ ಹುಳಿ ಅದ, ನಮ್ಮ ಬಾರಿಹಣ್ಣ ಚಲೋ" ಅಂದರು. ಅವರ ಆಸೆ ಅಲ್ಲಿಗೆ ತೀರಿತು.

ಮಗಳ ಕಣ್ಣುರೆಪ್ಪೆ ಎಳೆದು ನೋಡಿದೆ, ಬೆಳ್ಳಗೇ ಇತ್ತು. ಮರುದಿನವೇ ರಕ್ತ ಪರೀಕ್ಷೆ ಮಾಡಿಸಿದೆವು. ಎಚ್‌ಬಿ 10.4 ಬಂದಿದೆ. ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದಿದ್ದಾರೆ. ಇದನ್ನು ಹಾಲಿನ ಜೊತೆ ಕೊಡಲಾ? ಬರೀ ನೀರಿನ ಜೊತೆನಾ? ಗಡಿಬಿಡಿಯಲ್ಲಿ ಅದೊಂದು ಕೇಳೋದು ಬಿಟ್ಟುಹೋಯಿತು.

ಡಯಟ್ ಅಕ್ಕ (ಕಲಬುರಗಿ)

ಹಾಲಿನ ಜೊತೆ ಬೇಡ ಅಕ್ಕಾ, ಹಾಲಿನ ಕ್ಯಾಲ್ಸಿಯಂ ಅಡ್ಡ ಬರುತ್ತೆ. ಚಹಾ ಜೊತೆ ಅಂತೂ ಬೇಡವೇ ಬೇಡ. ನಿಂಬೆ ಹಿಂಡಿದ ನೀರು, ಇಲ್ಲ ಅಂದರೆ ಬರೀ ನೀರು. ಮಲ ಕಪ್ಪಗೆ ಹೋಗುತ್ತೆ, ಅದನ್ನು ನೋಡಿ ಗಾಬರಿಯಾಗಿ ಮಾತ್ರೆ ನಿಲ್ಲಿಸುವವರು ಬಹಳ. ನೀವು ನಿಲ್ಲಿಸಬೇಡಿ. ಹೊಟ್ಟೆ ಗಟ್ಟಿಯಾದರೆ ನೀರು ಜಾಸ್ತಿ ಕುಡಿಯಲಿ, ಪೇರಲ ಬೀಜ ಸಮೇತ ತಿನ್ನಲಿ.

ತಿಂಗಳ ಮುಟ್ಟು ಜಾಸ್ತಿ ಹೋಗುತ್ತಾ ಅಂತ ಒಮ್ಮೆ ಮಗಳನ್ನು ಕೇಳಿ. ಈ ವಯಸ್ಸಿನಲ್ಲಿ ರಕ್ತ ಕಮ್ಮಿಯಾಗೋಕೆ ಅದೇ ಕಾರಣ ಆಗಿರೋದು ಜಾಸ್ತಿ, ಹುಡುಗಿಯರು ತಾವಾಗಿ ಹೇಳಲ್ಲ. ಹಾಗಿದ್ದರೆ ಡಾಕ್ಟರಿಗೆ ತಿಳಿಸಿ. ಎಚ್‌ಬಿ ಮತ್ತೆ ಯಾವಾಗ ನೋಡಿಸಬೇಕು ಅಂತ ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. 12 ದಾಟಿತು ಅಂತ ಅವತ್ತೇ ಮಾತ್ರೆ ಬಿಡೋದಲ್ಲ, ಅದಾದ ಮೇಲೂ ಕೆಲವು ತಿಂಗಳು ನಡೆಸಬೇಕಾಗುತ್ತೆ.